ಬೆಂಚಿನ ಕೆಳಗಿನ ಚೀಲ

ನನ್ನ ಮೇಜಿನ ಕೆಳಗಿನ ಖಾನೆಯಲ್ಲಿ ಒಂದು ಬಟ್ಟೆಯ ಚೀಲ ಇದೆ. ಹಳೆಯ ಇಳಕಲ್ ಸೀರೆಯೊಂದನ್ನು ಕತ್ತರಿಸಿ ಹೊಲಿದದ್ದು. ಒಳಗೆ ಒಂದು ಸ್ಟೀಲ್ ಡಬ್ಬಿ, ಡಬ್ಬಿಯೊಳಗೆ ಒಂದು ಚೀಟಿ. ಈ ವರ್ಷ ನಾನು ಕಮಲಾಪುರದ ಕಚೇರಿಗೆ ವರ್ಗವಾಗಿ ಬಂದ ದಿನ ಇಲ್ಲಿಯ ಜವಾನ ಖಾನೆ ಒರೆಸುವಾಗ ಡಬ್ಬಿ ತೆರೆದು, ಚೀಟಿ ಓದಿ, ಚಪ್ಪಲಿ ಬಿಟ್ಟು ರಸ್ತೆಗೆ ಓಡಿದ್ದ. ಚೀಟಿಯಲ್ಲಿ ದುಂಡಗಿನ ಅಕ್ಷರದಲ್ಲಿ ‘ಇದು ಬಾಂಬು’ ಎಂದಿದೆ. ಅದರ ಕೆಳಗೆ ಸಣ್ಣದಾಗಿ ‘ಅಣಕು. ಸಿಕ್ಕ ಹೊತ್ತು ಬರೆಯಿರಿ’ ಎಂದೂ ಇದೆ. ಆದರೆ ಎರಡನೇ ಸಾಲಿನವರೆಗೆ ಓದುವ ವ್ಯವಧಾನ ಯಾರಿಗಿರುತ್ತದೆ.

ಆ ಅಕ್ಷರ ಬರೆದವರು ಹೋದ ತಿಂಗಳು ತೀರಿಕೊಂಡರು. ಅವರ ಹೆಸರನ್ನು ನಾನಿಲ್ಲಿ ಬರೆಯುತ್ತಿಲ್ಲ. ಅದಕ್ಕೆ ಅವರೇ ಕಾರಣ, ಮುಂದೆ ಹೇಳುತ್ತೇನೆ. ಕಲಬುರಗಿಯ ನಮ್ಮ ಹಳೆಯ ಕಚೇರಿಯಲ್ಲಿ ಜವಾನರಿಂದ ಹಿಡಿದು ನನ್ನಂಥ ಗುಮಾಸ್ತರವರೆಗೆ ಎಲ್ಲರೂ ಅವರನ್ನು ಬಾಯಾರು ಎನ್ನುತ್ತಿದ್ದೆವು. ಅಧಿಕಾರಿಗಳು ಮಾತ್ರ ಮೇಡಂ ಎನ್ನುತ್ತಿದ್ದರು. ತಲೆಮಾರುಗಳಿಂದ ಆ ಊರಿನಲ್ಲೇ ನೆಲೆಸಿದ ವೈಷ್ಣವ ಮನೆತನ ಅವರದು. ಮನೆಯಲ್ಲಿ ಮರಾಠಿ, ಕಡತದಲ್ಲಿ ಕನ್ನಡ, ಸಿಟ್ಟು ಬಂದರೆ ಅಪ್ಪಟ ದಖನಿ ಉರ್ದು. ಬೈಯುವುದಕ್ಕೆ ನಮ್ಮ ಮನೆಯ ಭಾಷೆಯನ್ನೇ ಆರಿಸಿಕೊಂಡದ್ದು ಗೌರವವೋ ಅಲ್ಲವೋ ನನಗೆ ಇವತ್ತಿಗೂ ಬಗೆಹರಿದಿಲ್ಲ.

ನಾನು ಅವರ ಕೈಕೆಳಗೆ ಸೇರಿದ್ದು ಇಪ್ಪತ್ತೈದನೆಯ ವಯಸ್ಸಿನಲ್ಲಿ, ದ್ವಿತೀಯ ದರ್ಜೆ ಸಹಾಯಕನಾಗಿ. ನಮ್ಮ ಅಬ್ಬಾ ಧಾನ್ಯಪೇಟೆಯಾದ ನೆಹರು ಗಂಜಿನಲ್ಲಿ ಹರಿದ ಗೋಣಿಚೀಲ ಹೊಲಿಯುತ್ತಿದ್ದರು. ಮನೆತನದಲ್ಲಿ ಸರ್ಕಾರಿ ಕುರ್ಚಿಯ ಮೇಲೆ ಕೂತವನು ನಾನೇ ಮೊದಲು. ನೇಮಕದ ಆದೇಶ ಬಂದ ದಿನ ಅಬ್ಬಾ ಗಂಜಿನ ಅಂಗಡಿ ಅಂಗಡಿಗೂ ಹೋಗಿ ಬರ್ಫಿ ಹಂಚಿ ಬಂದಿದ್ದರು. ನನಗೆ ಕೊಟ್ಟ ಶಾಖೆ ವಿಪತ್ತು ನಿರ್ವಹಣೆಯದು. ನೆರೆ, ಬೆಂಕಿ, ಸಿಡಿಲುಗಳ ಜೊತೆಗೆ ಅಲ್ಲಿ ಒಂದು ದಪ್ಪನೆಯ ಪ್ರತ್ಯೇಕ ಕಡತವಿತ್ತು. ಜಿಲ್ಲೆಯಲ್ಲಿ ಭಯೋತ್ಪಾದಕರ ದಾಳಿ ನಡೆದರೆ ಯಾವ ಇಲಾಖೆ ಏನು ಮಾಡಬೇಕು ಎಂಬ ಯೋಜನೆ ಅದು. ಪೊಲೀಸರು ಎಲ್ಲಿ ಹಗ್ಗ ಕಟ್ಟಬೇಕು, ಅಂಬುಲೆನ್ಸ್ ಯಾವ ರಸ್ತೆಯಿಂದ ಬಂದು ಯಾವ ರಸ್ತೆಯಿಂದ ಹೊರಡಬೇಕು, ರಕ್ತ ಎಲ್ಲಿಂದ ತರಿಸಬೇಕು, ಗಾಯಾಳುಗಳ ತಾಯಿ ತಂದೆ ಓಡಿ ಬಂದರೆ ಅವರನ್ನು ಎಲ್ಲಿ ಕೂರಿಸಬೇಕು, ಇಂಥವೆಲ್ಲ. ಆ ಕಡತದ ಯಜಮಾನಿ ಬಾಯಾರು.

ಮೊದಲ ದಿನ ಅವರು ನನಗೆ ಕೆಲಸ ಹೇಳಲಿಲ್ಲ. ಖಾನೆಯಿಂದ ಒಂದು ಹಾಳೆ ತೆಗೆದು ಓದಲು ಕೊಟ್ಟರು. ದಾಳಿಯ ಸುದ್ದಿ ಬಂದ ಕೂಡಲೇ ಮೀನುಗಾರಿಕೆ ದೋಣಿಗಳನ್ನು ದಡಕ್ಕೆ ಕರೆಸತಕ್ಕದ್ದು ಎಂದು ಅದರಲ್ಲಿತ್ತು. ನಾನು ಗಂಭೀರವಾಗಿ ತಲೆಯಾಡಿಸಿ, ಬಹಳ ಚೆನ್ನಾಗಿ ಬರೆದಾರ ಅಂದೆ.

“ತಮ್ಮಾ, ಕಲಬುರಗಿಯಾಗ ಸಮುದ್ರ ಎಲ್ಲದ?” ಎಂದು ಕೇಳಿದರು.

ಬಾಯಾರಿಗಿಂತ ಮುಂಚೆ ಇದ್ದ ಯಾರೋ ಪುಣ್ಯಾತ್ಮರು ಕರಾವಳಿಯ ಒಂದು ಜಿಲ್ಲೆಯ ಯೋಜನೆಯನ್ನು ತರಿಸಿ, ಜಿಲ್ಲೆಯ ಹೆಸರೊಂದನ್ನು ಬದಲಿಸಿ ಕಡತಕ್ಕೆ ಸೇರಿಸಿದ್ದರು. ಎಷ್ಟೋ ಪರಿಶೀಲನಾ ಸಭೆಗಳಲ್ಲಿ ಎಷ್ಟೋ ಜನ ಅದಕ್ಕೆ ರುಜು ಹಾಕಿದ್ದರು. ಬಾಯಾರು ಅದನ್ನು ಕಿತ್ತು ಹೊಸದಾಗಿ ಬರೆದರು. ಹಳೆಯ ಹಾಳೆಯನ್ನು ಮಾತ್ರ ಎಸೆಯದೆ ಇಟ್ಟುಕೊಂಡು ಹೊಸಬರಿಗೆಲ್ಲ ಓದಿಸುತ್ತಿದ್ದರು. ಆವರೆಗೆ ಯಾರೊಬ್ಬರೂ ಸಮುದ್ರವನ್ನು ಗುರುತಿಸಿರಲಿಲ್ಲ ಎಂದು ಗೊತ್ತಾದ ಮೇಲೆ ನನ್ನ ಮಾನ ಸ್ವಲ್ಪ ಉಳಿಯಿತು.

ಹೊಸ ಯೋಜನೆಯಲ್ಲಿ ಅವರು ಎಲ್ಲಿಯೂ ಮನುಷ್ಯರ ಹೆಸರು ಬರೆಯಲು ಬಿಡುತ್ತಿರಲಿಲ್ಲ. ನಾನೊಮ್ಮೆ ಹುರುಪಿನಿಂದ ಅಧಿಕಾರಿಗಳ ಹೆಸರುಗಳನ್ನೆಲ್ಲ ತುಂಬಿ ತೋರಿಸಿದಾಗ ಕೆಂಪು ಪೆನ್ನಿನಿಂದ ಒಂದೊಂದನ್ನೇ ಹೊಡೆದು ಹಾಕಿದರು. “ಹೆಸರು ವರ್ಗಾ ಆಗ್ತದ, ಕುರ್ಚಿ ಆಗಂಗಿಲ್ಲ. ಕುರ್ಚಿ ಬರಿ,” ಎಂದರು. ಅವರ ಸ್ವಂತ ಹೆಸರೂ ಆ ದಪ್ಪ ಕಡತದಲ್ಲಿ ಎಲ್ಲಿಯೂ ಇರಲಿಲ್ಲ. ಮುಖಪುಟದಲ್ಲಿ ‘ಸಿದ್ಧಪಡಿಸಿದವರು’ ಎಂಬ ಜಾಗದಲ್ಲಿ ‘ಶಾಖೆ’ ಎಂದು ಬರೆದು ಸುಮ್ಮನಾಗಿದ್ದರು.

ಪ್ರತಿ ತಿಂಗಳ ಮೊದಲ ಕೆಲಸದ ದಿನ ಬೆಳಿಗ್ಗೆ ಯೋಜನೆಯಲ್ಲಿದ್ದ ಪ್ರತಿಯೊಂದು ಫೋನ್ ನಂಬರಿಗೂ ನಾವು ಫೋನ್ ಮಾಡಬೇಕಿತ್ತು. ಅಗ್ನಿಶಾಮಕ ಠಾಣೆ, ಬಸ್ ಡಿಪೋ, ರಕ್ತನಿಧಿ, ಕ್ರೇನ್ ಇಟ್ಟುಕೊಂಡವರು, ಧ್ವನಿವರ್ಧಕ ಬಾಡಿಗೆ ಕೊಡುವವರು, ಎಲ್ಲರಿಗೂ. ಅತ್ತಲಿಂದ ಹಲೋ ಅಂದರೆ ಸಾಲದು, ನಿಮ್ಮ ಕೆಲಸವೇನು ಎಂದು ಕೇಳಿ ಅವರ ಬಾಯಿಂದ ಹೇಳಿಸಬೇಕು. ಕ್ರೇನಿನವನಂತೂ ನಮ್ಮ ನಂಬರ್ ಕಂಡರೆ ಸಾಕು, ಮಗ್ಗಿ ಒಪ್ಪಿಸುವವನ ಹಾಗೆ ಗಡಗಡ ಹೇಳಿ ಫೋನ್ ಇಟ್ಟುಬಿಡುತ್ತಿದ್ದ. ಒಂದು ತಿಂಗಳು ನಾನು ಫೋನ್ ಮಾಡದೆಯೇ ಟಿಕ್ ಹಾಕಿದ್ದೆ. ಅದು ಅವರಿಗೆ ಹೇಗೆ ತಿಳಿಯಿತೋ ಗೊತ್ತಿಲ್ಲ. ಅವತ್ತು ಕೇಳಿದ ದಖನಿಯನ್ನು ನಮ್ಮ ಮನೆಯಲ್ಲೂ ನಾನು ಕೇಳಿರಲಿಲ್ಲ.

ಮದುವೆಗೆ ಕರೆದರೆ ಅಕ್ಷತೆಗಿಂತ ಮೊದಲು ಹಿಂಬಾಗಿಲು ನೋಡಿ ಬರುವವರು ಅವರು. ಒಮ್ಮೆ ಊರಿನ ಕಲ್ಯಾಣ ಮಂಟಪವೊಂದರಲ್ಲಿ ಹಿಂದಿನ ಬಾಗಿಲಿಗೆ ಸೋಫಾಗಳನ್ನು ಒಟ್ಟಿದ್ದರು. ಬಾಯಾರು ಮಾಲೀಕನನ್ನು ಹುಡುಕಿ ತಂದು, ಅವನ್ನೆಲ್ಲ ತೆಗೆಸುವವರೆಗೆ ಊಟಕ್ಕೆ ಕೂಡಲಿಲ್ಲ. ಬೀಗರು ಇವರನ್ನು ಪೊಲೀಸ್ ಇಲಾಖೆಯವರು ಎಂದು ತಿಳಿದು ಎರಡು ಲಾಡು ಹೆಚ್ಚಿಗೆ ಬಡಿಸಿದರಂತೆ.

ಎಲ್ಲ ಗುಣವೇ ಇತ್ತು ಎಂದು ಬರೆದರೆ ಅವರೇ ಕೆಂಪು ಪೆನ್ನು ಹಿಡಿದುಕೊಂಡು ಬಂದಾರು. ಕಂಪ್ಯೂಟರನ್ನು ನಂಬುತ್ತಿರಲಿಲ್ಲ. ಯಾರ ಪೆನ್ನು ಸಿಕ್ಕರೂ ಅದು ಅವರ ಡಬ್ಬಿ ಸೇರುತ್ತಿತ್ತು. ಮಧ್ಯಾಹ್ನ ನಾವು ತುತ್ತು ಎತ್ತುವಾಗಲೇ ಅವರಿಗೆ ತುರ್ತು ಕೆಲಸ ನೆನಪಾಗುತ್ತಿತ್ತು. ಮಡಿಯೂ ಬಹಳ. ಕಚೇರಿಯ ಚಹಾ ಕುಡಿಯುತ್ತಿರಲಿಲ್ಲ, ಮನೆಯಿಂದ ತಂದ ತಾಮ್ರದ ತಂಬಿಗೆಯ ನೀರೇ ಆಗಬೇಕು. ನಮ್ಮ ಮನೆಗೆ ಬಂದದ್ದು ಒಂದೇ ಸಲ, ಅಮ್ಮಿಗೆ ಕಾಲು ಮುರಿದಾಗ. ಅಮ್ಮಿ ಏನು ಕೊಡಬೇಕೆಂದು ತಿಳಿಯದೆ ಒದ್ದಾಡುತ್ತಿದ್ದಾಗ ಬಾಯಾರ ಕಣ್ಣು ಕಮಲಾಪುರದ ಕೆಂಪು ಬಾಳೆಹಣ್ಣಿನ ಮೇಲೆ ಬಿತ್ತು. ಹಣ್ಣಿಗೆ ಮಡಿ ಮೈಲಿಗೆ ಇಲ್ಲ ಎಂದು ಹೇಳಿ ಎರಡು ಬಾಳೆಹಣ್ಣು ತಿಂದು, ಎರಡನ್ನು ಸೆರಗಿನಲ್ಲಿ ಕಟ್ಟಿಕೊಂಡು ಹೋದರು. ಅಮ್ಮಿಗೆ ಅದರ ಮೇಲೆ ಅವರ ಬಗ್ಗೆ ಯಾವ ತಕರಾರೂ ಉಳಿಯಲಿಲ್ಲ.

ಇನ್ನು ನಾನು ಹೇಳಲೇಬೇಕಾದ ಸಂಗತಿಗೆ ಬರುತ್ತೇನೆ.

ಬಾಯಾರ ನಿವೃತ್ತಿಗೆ ನಾಲ್ಕು ತಿಂಗಳಿತ್ತು. ಊರಿನ ಒಂದು ಬಸ್ ನಿಲ್ದಾಣದಲ್ಲಿ ಅಣಕು ಕಾರ್ಯಾಚರಣೆ ಮಾಡಬೇಕೆಂದು ಆದೇಶ ಬಂತು. ಯಾವ ನಿಲ್ದಾಣ ಎಂದು ಬರೆದರೆ ಅಲ್ಲಿಯವರಿಗೆ ಬೇಜಾರಾದೀತು, ಬೇಡ. ಉಗ್ರನೊಬ್ಬ ಬಾಂಬ್ ಇಡುತ್ತಾನೆ, ಎಲ್ಲ ಇಲಾಖೆಗಳೂ ಕೂಡಿ ಹೇಗೆ ಎದುರಿಸುತ್ತವೆ ನೋಡೋಣ ಎಂಬುದು ಅದರ ತಿರುಳು. ಪೂರ್ವಭಾವಿ ಸಭೆಯಲ್ಲಿ ಎಲ್ಲ ಇಲಾಖೆಯವರೂ ಕೂತಿದ್ದರು. ನಾನು ನಡಾವಳಿ ಬರೆಯಲು ಮೂಲೆಯಲ್ಲಿದ್ದೆ. ಪಾತ್ರಗಳ ಪಟ್ಟಿ ಓದುತ್ತಾ ಉಗ್ರನ ಪಾತ್ರಕ್ಕೆ ಯಾರು ಎಂಬ ಪ್ರಶ್ನೆ ಬಂತು. ಪಟ್ಟಿಯಲ್ಲಿ ಪಾತ್ರದ ಪಕ್ಕ ವೇಷ ಎಂಬ ಕಾಲಂ ಇತ್ತು. ಹಿಂದಿನ ವರ್ಷಗಳಲ್ಲಿ ಅದರಲ್ಲಿ ಏನು ಬರೆಯುತ್ತಿದ್ದರು ಎಂಬುದನ್ನು ಬಿಡಿಸಿ ಹೇಳಬೇಕಿಲ್ಲ.

ಬೇರೆ ಇಲಾಖೆಯ ಒಬ್ಬರು ನನ್ನ ಕಡೆ ಕೈ ಮಾಡಿ, “ನಿಮ್ಮ ಶಾಖೆದಾಗೇ ಹುಡುಗ ಇದ್ದಾನಲ್ರಿ ಮೇಡಂ, ಗಡ್ಡಾನೂ ಅದ. ವೇಷ ಹಾಕೋ ತ್ರಾಸೇ ಇಲ್ಲ,” ಎಂದರು.

ಎಲ್ಲರೂ ನಕ್ಕರು. ಆ ಮನುಷ್ಯ ಕೆಟ್ಟವರಲ್ಲ. ಸಭೆ ಮುಗಿದ ಮೇಲೆ ನನ್ನ ಬೆನ್ನು ತಟ್ಟಿ ಚಹಾ ಕುಡಿಸಿದರು. ನಾನೂ ನಕ್ಕಿದ್ದೆ. ಎಲ್ಲರಿಗಿಂತ ಸ್ವಲ್ಪ ಜೋರಾಗಿಯೇ ನಕ್ಕಿದ್ದೆ. ಸಾಹೇಬರು, ಅಂದರೆ ನಮ್ಮ ಮೇಲಧಿಕಾರಿಗಳು, ಆಯ್ತು ಬರೆದುಕೊಳ್ಳಿ ಎಂದರು. ನಾನು ನನ್ನ ಕೈಯಿಂದಲೇ ಉಗ್ರ ಎಂಬ ಪಾತ್ರದ ಮುಂದೆ ನನ್ನ ಹೆಸರು ಬರೆದುಕೊಂಡೆ.

ಆದರೆ ಸಂಜೆಯವರೆಗೆ ನನಗೆ ಬೇರೆ ಕೆಲಸ ಸಾಗಲಿಲ್ಲ. ಕಾರ್ಯಾಚರಣೆಯ ಫೋಟೋ ಪತ್ರಿಕೆಯಲ್ಲಿ ಬರುತ್ತದೆ. ಹೋದ ವರ್ಷ ಬಂದಿತ್ತು, ಪೊಲೀಸರು ನಕಲಿ ಉಗ್ರನ ಕೈ ತಿರುಚಿ ಹಿಡಿದದ್ದು. ಗಂಜಿನಲ್ಲಿ ಅಬ್ಬಾನ ಪಕ್ಕದ ಅಡತಿ ಅಂಗಡಿಯಲ್ಲಿ ದಿನಾ ಬೆಳಿಗ್ಗೆ ಪೇಪರು ಜೋರಾಗಿ ಓದುತ್ತಾರೆ. ಅದು ನಾಟಕ ಎಂದು ಕೆಳಗೆ ಬರೆದಿರುತ್ತದೆ ನಿಜ, ಆದರೆ ಫೋಟೋ ನೋಡಿದವರೆಲ್ಲ ಕೆಳಗಿನ ಸಾಲು ಓದುತ್ತಾರೆಯೇ. ನನ್ನ ನೌಕರಿಗೆ ಬರ್ಫಿ ತಿಂದ ಗಂಜಿನ ಮುಂದೆ ಅಬ್ಬಾ ಏನೆಂದು ಹೇಳಬೇಕು. ಆಗುವುದಿಲ್ಲ ಎನ್ನೋಣವೆಂದರೆ ನನ್ನ ಪ್ರೊಬೇಷನ್ ಮುಗಿದಿರಲಿಲ್ಲ. ಅದೂ ಅಲ್ಲದೆ, ನಕ್ಕಾಗಿತ್ತಲ್ಲ.

ಎಲ್ಲರೂ ಹೋದ ಮೇಲೆ ಬಾಯಾರು ಕರೆದರು. ಕನ್ನಡಕ ತೆಗೆದು ಸೆರಗಿನಿಂದ ಒರೆಸುತ್ತಾ, “ಕೈಕು ಹಸ್ಯಾ ತೂ?” ಎಂದರು. ಯಾಕೆ ನಕ್ಕೆ ಎಂದು. ದಖನಿ ಬಂತೆಂದರೆ ಸಿಟ್ಟಿದೆ ಎಂದೇ ಅರ್ಥ.

“ಎಲ್ಲಾರೂ ನಕ್ಕರಲ್ರಿ ಬಾಯಾರ.”

“ನಿನಗ ನಗು ಬಂದಿತ್ತೇನು?”

“ಇಲ್ರಿ.”

“ಬರಲಾರದ ನಗು ನಗಬಾರದು ತಮ್ಮಾ. ಅದು ರೂಢಿ ಆಗ್ತದ,” ಎಂದು ಕನ್ನಡಕ ಹಾಕಿಕೊಂಡರು. ನಾಳೆಯ ಕಡತ ಮೇಜಿನ ಮೇಲಿಟ್ಟು ಮನೆಗೆ ಹೋಗು ಎಂದರು.

ಮರುದಿನ ಅವರು ಸಾಹೇಬರಿಗೆ ಮಂಡಿಸಿದ ಟಿಪ್ಪಣಿಯನ್ನು ನಾನು ಆಮೇಲೆ ಎಷ್ಟೋ ಸಲ ಓದಿದ್ದೇನೆ. ಅದರಲ್ಲಿ ನನ್ನ ಮಾತಿಲ್ಲ, ಗಡ್ಡದ ಮಾತಿಲ್ಲ, ನ್ಯಾಯ ಅನ್ಯಾಯದ ಮಾತಿಲ್ಲ. ಉಗ್ರ ಯಾರೆಂದು ತಡೆಯುವವರಿಗೆ ಮೊದಲೇ ಗೊತ್ತಿದ್ದರೆ ಅದು ನಾಟಕವಾಗುತ್ತದೆಯೇ ಹೊರತು ಪರೀಕ್ಷೆಯಾಗುವುದಿಲ್ಲ; ಆದ್ದರಿಂದ ವೇಷದ ಕಾಲಂ ರದ್ದುಪಡಿಸಬಹುದು; ಪಾತ್ರಧಾರಿಯ ವಿವರವನ್ನು ಮೊಹರು ಮಾಡಿದ ಲಕೋಟೆಯಲ್ಲಿಟ್ಟು ಹಿರಿಯ ಅಧಿಕಾರಿಗಳಿಬ್ಬರ ಬಳಿ ಮಾತ್ರ ಇಡಬಹುದು. ಇಷ್ಟೇ. ಬೋಧನೆ ಮಾಡುವುದು ಅವರ ಜಾಯಮಾನವಲ್ಲ. ನಿಯಮದ ದಾರಿಯಲ್ಲಿ ಬಂದು ಮನುಷ್ಯನನ್ನು ಬಿಡಿಸಿಕೊಂಡು ಹೋಗುವವರು. ಸಾಹೇಬರು ಒಪ್ಪಿದರು. ನನಗೆ ನಿಲ್ದಾಣದ ಮೇಲಿನ ಕೋಣೆಯಲ್ಲಿ ಕೂತು ಸಮಯ ಬರೆಯುವ ಕೆಲಸ ಸಿಕ್ಕಿತು. ಉಗ್ರ ಯಾರೆಂದು ನನಗೂ ಹೇಳಲಿಲ್ಲ.

ಕಾರ್ಯಾಚರಣೆಯ ದಿನ ನಿಲ್ದಾಣದ ಬಾಗಿಲಲ್ಲಿ ಪೊಲೀಸರು ಬಹಳ ಹುಷಾರಾಗಿದ್ದರು. ಎಷ್ಟು ಹುಷಾರೆಂದರೆ, ಕೊರಳಲ್ಲಿ ಸರ್ಕಾರಿ ಗುರುತಿನ ಚೀಟಿ ತೂಗಿಬಿಟ್ಟಿದ್ದ ನನ್ನನ್ನೇ ಎರಡು ಸಲ ನಿಲ್ಲಿಸಿ ಜೇಬು ನೋಡಿದರು. ನನ್ನ ಹಾಗೆ ಕಾಣುವವರನ್ನೆಲ್ಲ ನಿಲ್ಲಿಸಿದರು. ನಾನು ಮೇಲೆ ಹೋಗಿ ಗಡಿಯಾರ ಮುಂದಿಟ್ಟುಕೊಂಡು ಕೂತೆ. ಗೊತ್ತುಮಾಡಿದ ವೇಳೆಗೆ ಸೀಟಿ ಊದಿದರು, ಅಂದರೆ ಬಾಂಬ್ ಸಿಡಿಯಿತು ಎಂದು. ಮೈಗೆ ಕೆಂಪು ಬಣ್ಣ ಬಳಿದುಕೊಂಡು ಕಾಯುತ್ತಿದ್ದ ಗೃಹರಕ್ಷಕರು ನೆಲದ ಮೇಲೆ ಮಲಗಿದರು. ಅಂಬುಲೆನ್ಸ್ ಬಂತು, ಹಗ್ಗ ಕಟ್ಟಿದರು, ಸ್ಟ್ರೆಚರ್ ಓಡಾಡಿದವು. ಎಲ್ಲ ಲಕ್ಷಣವಾಗಿಯೇ ನಡೆಯಿತು. ಬಾಂಬ್ ಇಟ್ಟ ಉಗ್ರ ಮಾತ್ರ ಸಿಗಲಿಲ್ಲ, ಬಾಂಬೂ ಸಿಗಲಿಲ್ಲ.

ಮೇಲಿನ ಕೋಣೆಯಲ್ಲಿ ಎಲ್ಲ ಅಧಿಕಾರಿಗಳ ಮುಂದೆ ಲಕೋಟೆ ಒಡೆದರು. ಅದರಲ್ಲೂ ಹೆಸರಿರಲಿಲ್ಲ, ಕುರ್ಚಿ ಮಾತ್ರ ಇತ್ತು. ಓದಿದವರ ಮುಖ ನೋಡಬೇಕಿತ್ತು. ಅಷ್ಟರಲ್ಲಿ ಬಾಯಾರು ಏದುಸಿರು ಬಿಡುತ್ತಾ ಮೆಟ್ಟಿಲು ಹತ್ತಿ ಬಂದರು. ಕೈಯಲ್ಲಿ ಈ ಚೀಲ.

“ಮೂರು ಸಲ ಇಟ್ಟೀನ್ರಿ ಸರ್,” ಎಂದರು. “ಮೂರು ಸಲಾನೂ ವಾಪಸ್ ತಂದು ಕೊಟ್ಟಾರ.”

ಆಮೇಲೆ ಒಂದೊಂದಾಗಿ ಹೇಳಿದರು. ಬಾಗಿಲಲ್ಲಿದ್ದ ಪೊಲೀಸ್ ಒಬ್ಬರು, ಸಾವಕಾಶ ಬರ್ರಿ ಅಮ್ಮಾ ಎಂದು ಕೈ ಹಿಡಿದು ಮೆಟ್ಟಿಲು ಹತ್ತಿಸಿದರು. ಚೀಲದ ಕಡೆ ಯಾರೂ ನೋಡಲಿಲ್ಲ. ಇವರು ಕುಡಿಯುವ ನೀರಿನ ಪಕ್ಕದ ಬೆಂಚಿನ ಕೆಳಗೆ ಚೀಲವಿಟ್ಟು ಹೊರಗೆ ನಡೆದರು. ಹತ್ತು ಹೆಜ್ಜೆ ಇಡುವಷ್ಟರಲ್ಲಿ ಶೇಂಗಾ ಮಾರುವ ಮುದುಕನೊಬ್ಬ ಕುಂಟುತ್ತಾ ಹಿಂದೆ ಬಂದು, ಚೀಲ ಮರ್ತೀರಿ ತಾಯಿ ಎಂದು ಕೊಟ್ಟ. ಮತ್ತೆ ಹೋಗಿ ಇಟ್ಟರು. ಈ ಸಲ ಕಾಲೇಜಿಗೆ ಹೋಗುವ ಹುಡುಗಿ ಓಡಿ ಬಂದು ಕೊಟ್ಟಳು. ಮೂರನೆಯ ಸಲ ಇಟ್ಟಾಗ ತಂದುಕೊಟ್ಟವರು ಮೆಟ್ಟಿಲು ಹತ್ತಿಸಿದ ಅದೇ ಪೊಲೀಸಪ್ಪ. ಅಮ್ಮಾ, ಹಿಂಗ ಮರ್ತರ ಹೆಂಗ ಎಂದು ಬೈದೂ ಬೈದರಂತೆ.

ಕೋಣೆಯಲ್ಲಿ ನಗು ತಡೆಯಲಾಗಲಿಲ್ಲ. ಈ ಸಲ ನನಗೆ ನಿಜವಾಗಿಯೂ ನಗು ಬಂದಿತ್ತು, ನಕ್ಕೆ. ಬಾಯಾರು ನಗುತ್ತಿರಲಿಲ್ಲ. ನಗು ನಿಲ್ಲುವವರೆಗೆ ಕಾದು ಸಾಹೇಬರಿಗೆ ಹೇಳಿದರು:

“ಆ ಶೇಂಗಾದ ಮುದುಕಪ್ಪ ಸತ್ತಾನ್ರಿ ಸರ್. ಚೀಲ ಕೊಡಾಕಂತ ಕುಂಟಿಕೋತ ಓಡಿ ಬಂದು ಸತ್ತಾನ.”

ಕೆಳಗೆ ಮುದುಕ ಪೊಟ್ಟಣ ಕಟ್ಟುತ್ತಾ ಕೂತಿದ್ದು ಕಿಟಕಿಯಿಂದ ಕಾಣುತ್ತಿತ್ತು.

ಜೀಪಿನಲ್ಲಿ ಕಚೇರಿಗೆ ಮರಳುವಾಗ ಅವರು, ನಮ್ಮ ಯೋಜನೆಯಲ್ಲಿ ಪೊಲೀಸರು ಇದ್ದಾರೆ, ಡಾಕ್ಟರು ಇದ್ದಾರೆ, ಬೆಂಚಿನ ಮೇಲೆ ಕೂತವರು ಎಲ್ಲಿಯೂ ಇಲ್ಲ, ಅದೂ ಯಾರ ಕಣ್ಣಿಗೂ ಬೀಳದ ಒಂದು ಸಮುದ್ರವೇ ಎಂದರು. ಆಮೇಲೆ ನನ್ನ ಕಡೆ ತಿರುಗಿ, “ಜನಾ ಒಳ್ಳೇವರದಾರ ತಮ್ಮಾ. ಅವರಿಗೆ ಮನುಷ್ಯಾರ ಮ್ಯಾಲ ಸಂಶಯ ಕಲಿಸಬಾರದು. ಚೀಲದ ಮ್ಯಾಲ ಕಲಿಸಬೇಕು,” ಎಂದರು.

ಕಾರ್ಯಾಚರಣೆಯ ವರದಿ ಬರೆಯುವುದು ನಮ್ಮಲ್ಲಿ ಸುಲಭದ ಕೆಲಸ. ಹಿಂದಿನ ವರ್ಷದ್ದರಲ್ಲಿ ದಿನಾಂಕ ಬದಲಿಸಿ ‘ಯಶಸ್ವಿಯಾಗಿ ನೆರವೇರಿತು’ ಎಂದು ಮುಗಿಸುವುದು. ಬಾಯಾರು ಹಾಗೆ ಬರೆಯಲಿಲ್ಲ. ಬಾಗಿಲಲ್ಲಿ ತಡೆದು ನಿಲ್ಲಿಸಿದವರಲ್ಲಿ ಒಬ್ಬರ ಬಳಿಯೂ ಏನೂ ಸಿಗಲಿಲ್ಲ; ಚೀಲ ತಂದವರನ್ನು ಕೈಹಿಡಿದು ಮೆಟ್ಟಿಲು ಹತ್ತಿಸಲಾಯಿತು; ಚೀಲವನ್ನು ಮೂರು ಬಾರಿ ಗೌರವಪೂರ್ವಕವಾಗಿ ಹಿಂದಿರುಗಿಸಲಾಯಿತು ಎಂದು ಬರೆದರು. ಸಾಹೇಬರು ಕಡತದ ಮೇಲೆ ‘ಚರ್ಚಿಸಿ’ ಎಂದು ಬರೆದು ವಾಪಸ್ ಕಳಿಸಿದರು. ಕೆಲವೇ ತಿಂಗಳಲ್ಲಿ ನಿವೃತ್ತರಾಗುವವರು, ಪೆನ್ಷನ್ ಕಾಗದವೂ ಅದೇ ಸಾಹೇಬರ ಮೇಜಿನ ಮೇಲಿದೆ, ಯಾಕೆ ಹಟ ಎಂದು ನಾನೇ ಅವರನ್ನು ತಡೆದೆ. ಅವರು ಒಳಗೆ ಹೋದರು. ಬಾಗಿಲು ತೆರೆದೇ ಇತ್ತು.

“ಇದು ಲಗ್ನ ಅಲ್ರಿ ಸರ್, ಛಲೋ ಆತು ಅನ್ನಾಕ. ಕೆ‌ಟ್ಟಿದ್ದು ಎಲ್ಲಿ ಅಂತ ನೋಡಾಕೇ ಮಾಡಿದ್ದು,” ಎನ್ನುವುದು ಹೊರಗೆ ಕೇಳಿಸಿತು.

ಸಾಹೇಬರೂ ದೊಡ್ಡ ಮನುಷ್ಯರೇ. ‘ಗೌರವಪೂರ್ವಕವಾಗಿ’ ಎಂಬ ಒಂದು ಶಬ್ದ ಹೊಡೆದು ಉಳಿದದ್ದಕ್ಕೆಲ್ಲ ರುಜು ಹಾಕಿದರು.

ಅದರ ಫಲವಾಗಿ ನಿಲ್ದಾಣಗಳಲ್ಲಿ ಒಂದು ಘೋಷಣೆ ಹಾಕಿಸಬೇಕೆಂದಾಯಿತು. ವಾರಸುದಾರರಿಲ್ಲದ ವಸ್ತುಗಳು ಕಂಡುಬಂದಲ್ಲಿ ಸಂಬಂಧಪಟ್ಟವರ ಗಮನಕ್ಕೆ ತರತಕ್ಕದ್ದು ಎಂದು ನಾನು ಕರಡು ಬರೆದೆ. ಓದಿ, ಈ ಭಾಷಾದಾಗ ಹೇಳಿದರೆ ಶೇಂಗಾದ ಮುದುಕಪ್ಪ ಮತ್ತೆ ಸಾಯ್ತಾನ ಎಂದು ಹರಿದರು. ಕೊನೆಗೆ ತಾವೇ ಮೈಕಿನ ಮುಂದೆ ಕೂತು, ಕನ್ನಡ, ದಖನಿ, ಮರಾಠಿ ಮೂರರಲ್ಲೂ, ಮನೆಯ ಹಿರಿಯರು ಗದರುವ ದನಿಯಲ್ಲಿ ಹೇಳಿ ಧ್ವನಿಮುದ್ರಣ ಮಾಡಿಸಿದರು: “ಯಾರರ ಚೀಲ ಬಿಟ್ಟು ಹೋಗಿದ್ರ ಮುಟ್ಟಬ್ಯಾಡ್ರಿ. ಯಾರದು ಅಂತ ಒದರಿ ಕೇಳ್ರಿ. ಯಾರೂ ನಂದು ಅನ್ನಲಿಲ್ಲಂದ್ರ ದೂರ ಸರೀರಿ, ಪೊಲೀಸರಿಗೆ ಹೇಳ್ರಿ.”

ನಿವೃತ್ತಿಯ ದಿನ ಹಾರ, ಶಾಲು ಎಲ್ಲ ಆದ ಮೇಲೆ ಚೀಲವನ್ನು ನನ್ನ ಮೇಜಿನ ಮೇಲಿಟ್ಟು ಹೊರಟರು. ನಾನು ಆ ಪಾತ್ರದ ವಿಷಯ ಎತ್ತಿ ಉಪಕಾರ ಎಂದು ಹೇಳಲು ಹೋದೆ. “ಯಾತರ ಉಪಕಾರ? ಡ್ರಿಲ್ ಕೆಟ್ಟಿತ್ತು,” ಎಂದು ಮಾತು ತೇಲಿಸಿಬಿಟ್ಟರು. ಹೇಳಲು ಬಿಡಲಿಲ್ಲ. ಹೇಳಬೇಕಾದದ್ದು ಇಷ್ಟೇ: ಆ ವರ್ಷ ಪತ್ರಿಕೆಯಲ್ಲಿ ನನ್ನ ಫೋಟೋ ಬರಲಿಲ್ಲ. ಅಬ್ಬಾ ಕೊನೆಯವರೆಗೂ ಗಂಜಿನಲ್ಲಿ ತಲೆಯೆತ್ತಿ ಕೂತು ಚೀಲ ಹೊಲಿದರು, ಇಂಥದ್ದೊಂದು ನಡೆಯಬಹುದಿತ್ತು ಎಂದು ಅವರಿಗೆ ಗೊತ್ತೇ ಆಗಲಿಲ್ಲ. ಗೊತ್ತಾಗದ ಹಾಗೆ ಮಾಡಿದವರು ಬಾಯಾರು.

ಆಮೇಲೆ ಪ್ರತಿ ಕಾರ್ಯಾಚರಣೆಯಲ್ಲಿ ನಾನು ಈ ಚೀಲ ಇಡಿಸುತ್ತಾ ಬಂದೆ. ಸೋದರಮಾವನ ಊರು ಮಹಾಗಾಂವಕ್ಕೆ ಹೋದಾಗಲೆಲ್ಲ ಅಲ್ಲಿಂದ ಕಮಲಾಪುರಕ್ಕೂ ಹೋಗಿ ಕೆಂಪು ಬಾಳೆಹಣ್ಣು ತೆಗೆದುಕೊಂಡು ಬಾಯಾರ ಮನೆಗೆ ಹೋಗುತ್ತಿದ್ದೆ. ಹಣ್ಣು ಕೈಗೆ ತೆಗೆದುಕೊಳ್ಳುತ್ತಾ ಅವರು ಕೇಳುವುದು ಒಂದೇ ಮಾತು, ಯಾರರ ‘ಯಾರದು’ ಅಂತ ಕೇಳಿದರೇನು ಎಂದು. ಇಲ್ರಿ ಬಾಯಾರ, ಈ ಸಲಾನೂ ವಾಪಸ್ ತಂದು ಕೊಟ್ಟರು ಎನ್ನುತ್ತಿದ್ದೆ. ಒಂದು ವರ್ಷ ವಾಪಸ್ ಕೊಡಲಿಲ್ಲ, ಚೀಲ ಎತ್ತಿ ಕಂಡಕ್ಟರ್ ಪಕ್ಕದಲ್ಲಿ ಜೋಪಾನವಾಗಿ ಇಟ್ಟಿದ್ದರು. ಅದನ್ನು ಕೇಳಿ ಅವರು ಹಣೆ ಹಣೆ ಬಡಿದುಕೊಂಡರು. ಆದರೂ ಹೊರಡುವಾಗ, ಒಂದಿನ ಕೇಳ್ತಾರ ನೋಡು ಎಂದೇ ಕಳಿಸಿದರು.

ತಿಂಗಳ ಮೊದಲ ದಿನ ಫೋನ್ ಮಾಡುವ ನನ್ನ ಪಟ್ಟಿಯಲ್ಲಿ ಕೊನೆಯ ನಂಬರ್ ಅವರದೇ ಇತ್ತು. ಯೋಜನೆಗೂ ಆ ನಂಬರಿಗೂ ಸಂಬಂಧವಿಲ್ಲ, ಸುಮ್ಮನೆ ಸೇರಿಸಿಕೊಂಡಿದ್ದೆ. ಈ ತಿಂಗಳು ಆ ನಂಬರಿಗೆ ಮಾಡಿದಾಗ ಎತ್ತಿದವರು ಅವರ ಮಗಳು. ಮೂರು ದಿನವಾಯಿತು ಎಂದರು.

ಹೋದ ವಾರ ಕಮಲಾಪುರದ ಬಸ್ ನಿಲ್ದಾಣದಲ್ಲಿ ಕಾರ್ಯಾಚರಣೆ ಇತ್ತು. ನಾನಿಲ್ಲಿಗೆ ಹೊಸಬ, ಮುಖಪರಿಚಯ ಯಾರಿಗೂ ಇಲ್ಲ. ಲಕೋಟೆಯಲ್ಲಿ ನನ್ನ ಹೆಸರೇ ಬರೆದು ಮೊಹರು ಮಾಡಿಸಿದೆ. ಒಂದು ಕಾಲಕ್ಕೆ ಯಾವುದಕ್ಕೆ ಅಷ್ಟು ಹೆದರಿದ್ದೆನೋ ಅದನ್ನೇ ಈಗ ನನ್ನ ಇಷ್ಟದಿಂದ ಮಾಡಿದೆ. ಅದೇ ಗಡ್ಡ, ಸ್ವಲ್ಪ ನರೆತಿದೆ. ಚೀಲವನ್ನು ಬೆಂಚಿನ ಕೆಳಗಿಟ್ಟು ಎದ್ದು, ಕಂಬದ ಹತ್ತಿರ ನಿಂತು ಮಹಾಗಾಂವದ ಬಸ್ಸಿಗೆ ಕಾಯುವವನ ಹಾಗೆ ರಸ್ತೆ ನೋಡತೊಡಗಿದೆ. ಯಾರೋ ಓಡಿ ಬಂದು ಚೀಲ ಕೈಗೆ ಕೊಡುತ್ತಾರೆ ಎಂದು ಬೆನ್ನು ಕಾಯುತ್ತಿತ್ತು.

ಬಾಳೆಹಣ್ಣು ಮಾರುವ ಹೆಣ್ಣುಮಗಳೊಬ್ಬಳು ಬುಟ್ಟಿ ಬಿಟ್ಟು ಎದ್ದಳು. ಚೀಲದಿಂದ ನಾಲ್ಕು ಮಾರು ದೂರ ನಿಂತು, ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡು, ನಿಲ್ದಾಣ ಕೇಳುವ ಹಾಗೆ ಒದರಿದಳು.

“ಯಾರದ್ರೀ ಈ ಚೀಲ?”

ಒಬ್ಬೊಬ್ಬರನ್ನಾಗಿ ಕೇಳುತ್ತಾ ಬಂದಳು. ಮುದುಕಿಯನ್ನು ಕೇಳಿದಳು, ಖಾದಿ ಟೋಪಿಯವರನ್ನು ಕೇಳಿದಳು, ನನ್ನನ್ನೂ ಕೇಳಿದಳು. ಎಲ್ಲರನ್ನು ಕೇಳಿದ ದನಿಯಲ್ಲೇ, “ಅಣ್ಣಾ, ನಿಮ್ಮದೇನು?” ಎಂದಳು. ನಿಯಮದ ಪ್ರಕಾರ ನಾನು ಇಲ್ಲ ಎಂದು ತಲೆಯಾಡಿಸಬೇಕು. ಆಡಿಸಿದೆ. ಕಣ್ಣು ತುಂಬಿ ಬಂದದ್ದನ್ನು ಅವಳು ನೋಡಲಿಲ್ಲ. ಯಾರೂ ನಂದು ಅನ್ನದಿದ್ದಾಗ ಅವಳೇ ಎಲ್ಲರನ್ನೂ ಗದರಿ ರಸ್ತೆಯಾಚೆ ದಾಟಿಸಿ, ಗೃಹರಕ್ಷಕನನ್ನು ಕೂಗಿ ಕರೆದಳು. ಸೀಟಿ ಊದುವ ವೇಳೆಗೆ ಬೆಂಚಿನ ಸುತ್ತ ಒಂದು ನರಪಿಳ್ಳೆಯೂ ಇರಲಿಲ್ಲ.

ಎಲ್ಲ ಮುಗಿದ ಮೇಲೆ, ಹಿಂಗ ಕೇಳಬೇಕು ಅಂತ ನಿಮಗ ಯಾರು ಕಲಿಸಿದರು ಎಂದು ಅವಳನ್ನು ಕೇಳಿದೆ. “ಮೈಕಿನ್ಯಾಗ ಆ ಅಮ್ಮ ದಿನಾ ಬೈತಾಳಲ್ರಿ,” ಎಂದು ಬುಟ್ಟಿಯ ಹತ್ತಿರ ಹೋದಳು.

ಗೃಹರಕ್ಷಕ ನಮೂನೆ ತುಂಬುತ್ತಿದ್ದ. ಸಿಕ್ಕ ಹೊತ್ತು ಬರೆದ, ಜಾಗ ಬರೆದ. ‘ವಸ್ತುವಿನ ವಾರಸುದಾರರು’ ಎಂಬಲ್ಲಿಗೆ ಬಂದು ಪೆನ್ನು ಎತ್ತಿ ನನ್ನ ಮುಖ ನೋಡಿದ. ನಾನು ಬಾಯಾರ ಹೆಸರನ್ನು, ತಂದೆಯ ಹೆಸರು ಮತ್ತು ಮನೆತನದ ಹೆಸರು ಸಮೇತ, ಸಾವಕಾಶವಾಗಿ ಬರೆಸಿದೆ. ಜಿಲ್ಲೆಯ ಯೋಜನೆಗೆ ಸೇರಿದ ಕಾಗದದ ಮೇಲೆ ಆ ಹೆಸರು ಬಿದ್ದದ್ದು ಅದೇ ಮೊದಲು.

“ಹುದ್ದೆ ಏನಂತ ಬರೀಲ್ರಿ ಸರ್?” ಎಂದ.

“ಹುದ್ದೆ ಬ್ಯಾಡ,” ಎಂದೆ. “ಹೆಸರಷ್ಟ ಬರಿ.”